ಮಾವ ಕೂತಲ್ಲಿ ಕೆಲಸ ಶುರು

ನನ್ನ ಸೋದರಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಕೆಲಸವನ್ನೂ ಮಾಡಿದವರಲ್ಲ. ಹೀಗೆಂದರೆ ಅವರನ್ನು ಬಲ್ಲವರು ನಂಬಲಿಕ್ಕಿಲ್ಲ. ಯಾಕೆಂದರೆ ಅವರಿದ್ದ ಕಡೆಯಲ್ಲೆಲ್ಲ ಕೆಲಸಗಳು ಬೇಕಾದಷ್ಟು ಆಗಿವೆ. ಸೋರುವ ನಲ್ಲಿಗಳು ನಿಂತಿವೆ, ಮುರಿದುಬೀಳಲಿದ್ದ ಮದುವೆಗಳು ನಡೆದಿವೆ, ಹಳೆಯ ಜಗಳಗಳು ಮುಗಿದಿವೆ, ಹೊಸ ಜಗಳಗಳು ಶುರುವಾಗಿವೆ! ಆದರೆ ಇಷ್ಟರಲ್ಲೆಲ್ಲ ಮಾವನ ಕೈಗೆ ಒಂದು ಹನಿ ನೀರು ತಾಗಿದ್ದನ್ನು ಕಂಡವರಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತ ನಮಗೆಲ್ಲ ಕಲಿಸಿದರಷ್ಟೆ? ಮಾವನದ್ದು ಮಾತ್ರ ಕೆಸರೇ ಇಲ್ಲದ ಮೊಸರು.

"ಸೋಮಾರಿ ಅಂತ ಮಾತ್ರ ಹೇಳ್ಬೇಡ ಮಾರಾಯ್ತಿ," ಅನ್ನುತ್ತಾರೆ ಅವರು, ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ. "ನಾನು ಆಕ್ಟಿವೇಟರ್!"

ಮಾವ ದಹಿಸರ್‌ನಲ್ಲಿ ಇರುವುದು. ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಕಾಲೇಜು ಅವರನ್ನು ಬಿಟ್ಟಿದೆ, ಅವರು ಜೀವಶಾಸ್ತ್ರವನ್ನು ಬಿಟ್ಟಿಲ್ಲ. ಬೇರೆಯವರು ನಿವೃತ್ತರಾದ ಮೇಲೆ ವಿಷ್ಣು ಸಹಸ್ರನಾಮ ಹಿಡಿಯುತ್ತಾರೆ, ಇವರು ಜೀನು ಹಿಡಿದರು. ಜೀನು ಹೇಗೆ ಆನ್ ಆಗುತ್ತದೆ, ಯಾರು ಆನ್ ಮಾಡುತ್ತಾರೆ, ಇದೇ ಜಪ. ಅದರಿಂದ ತಮ್ಮ ಸೋಮಾರಿತನಕ್ಕೆ ಒಂದು ಶಾಸ್ತ್ರಾಧಾರವನ್ನೂ ಹುಡುಕಿಕೊಂಡರು ನೋಡಿ, ಅದು ಅವರ ಬುದ್ಧಿವಂತಿಕೆ.

ಇಂಥ ಮನುಷ್ಯನಿಗೆ ಕಳೆದ ವರ್ಷ ನಾನೇ ಫೋನ್ ಮಾಡಿ, "ಮಾವ, ನೀವೊಮ್ಮೆ ಮಲಾಡ್‌ಗೆ ಬಂದು ನಮ್ಮನೇಲಿ ಕೂತ್ಕೊಳ್ಳಿ," ಅಂತ ಬೇಡಿಕೊಂಡೆ. ಬೇಡಿಕೊಳ್ಳುವ ಹಾಗೆಯೇ ಆಗಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಲಗಿಬಿಟ್ಟಿದ್ದಳು.

ಅಪ್ಪ ಮಲಾಡ್ ಸ್ಟೇಷನ್ನಿನ ಹತ್ತಿರ ಹೋಟೆಲ್ ಇಟ್ಟುಕೊಂಡಿದ್ದವರು. ಊರಿಗೆಲ್ಲ ಇಡ್ಲಿ ದೋಸೆ ತಿನ್ನಿಸಿದ ಮನುಷ್ಯ ತನ್ನ ಹೋಟೆಲಿನ ತಿಂಡಿಯನ್ನು ಬಾಯಿಗೆ ಹಾಕುತ್ತಿರಲಿಲ್ಲ! ಬೆಳಿಗ್ಗೆ ಅಮ್ಮ ಎರೆದ ನೀರುದೋಸೆ ತಿಂದೇ ಹೊರಡಬೇಕು. ಅಪ್ಪ ಹೋದ ಮೇಲೆ ಅಮ್ಮ ದೋಸೆಯ ಕಾವಲಿಯನ್ನು ತೊಳೆದು ಮೊಳೆಗೆ ನೇತುಹಾಕಿದಳು. "ಇನ್ನು ಯಾರಿಗೆ?" ಅಂದಳು. ಮೊದಲು ಅಡುಗೆಮನೆ ಬಿಟ್ಟಳು, ಆಮೇಲೆ ಹಾಲ್ ಬಿಟ್ಟಳು, ಕೊನೆಗೆ ಗೋಡೆಗೆ ಮುಖ ಮಾಡಿ, ಬೆಡ್‌ಶೀಟ್ ಹೊದ್ದು, ಮಾತನ್ನೂ ಬಿಟ್ಟಳು. ಡಾಕ್ಟರು ನೋಡಿ ಮಾತ್ರೆ ಕೊಟ್ಟರು, ಮನಸ್ಸಿನ ಕಾಯಿಲೆ, ನಿಧಾನಕ್ಕೆ ಗುಣ ಆಗ್ತದೆ ಅಂದರು. ಮಾತ್ರೆ ನುಂಗುತ್ತಿದ್ದಳು. ಎರಡು ತುತ್ತು ತಿಂದು ಬಟ್ಟಲು ದೂಡುತ್ತಿದ್ದಳು. ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದ ಅವಳನ್ನು ನೋಡಿ ನನಗೆ ಹೆದರಿಕೆಯಾಗಿತ್ತು. ಅಪ್ಪನ ಹಿಂದೆಯೇ ಇವಳೂ ಹೊರಟಳೋ ಏನೋ ಅನ್ನುವ ಹೆದರಿಕೆ.

ಅಮ್ಮನನ್ನು ಒಪ್ಪಿಸಿದ್ದು ಎಂಥವರಿಗೆ ಅಂತ ತಿಳಿಯಬೇಕಾದರೆ ಅವರ ಪೂರ್ವಚರಿತ್ರೆ ನಿಮಗೂ ಗೊತ್ತಿರಬೇಕು.

ಮೊದಲು ಈ ಆಕ್ಟಿವೇಟರ್ ಅನ್ನುವ ಪ್ರಾಣಿ ಯಾವುದು ಅಂತ ಹೇಳಿಬಿಡುತ್ತೇನೆ. ನನ್ನ ಮಗಳು ಹನ್ನೆರಡನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದಾಗ ಒಮ್ಮೆ ಮಾವ, ಅತ್ತೆ ಇಬ್ಬರೂ ಬಂದಿದ್ದರು. ಅಪ್ಪ ಇನ್ನೂ ಇದ್ದ ಕಾಲ. ಮಗಳ ಕನ್ನಡದ ಬಗ್ಗೆ ಹೇಳಿ ಸುಖವಿಲ್ಲ. ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಅರ್ಧ ಹಿಂದಿ. ಮಾವ ಅವಳ ಪುಸ್ತಕ ಮುಚ್ಚಿಸಿ ಶುರುಮಾಡಿದರು.

"ನಿನ್ನ ಅಜ್ಜನ ಹೋಟೆಲ್ ಉಂಟಲ್ಲ, ಎಲ್ಲ ಟೇಬಲ್ಲಿಗೂ ಒಂದೇ ಮೆನು ಕಾರ್ಡು. ಆದ್ರೆ ಒಂದು ಟೇಬಲ್ಲಿಗೆ ಇಡ್ಲಿ ಬರ್ತದೆ, ಇನ್ನೊಂದಕ್ಕೆ ಮಸಾಲೆದೋಸೆ. ದೇಹವೂ ಹಾಗೆಯೇ. ಹೆಚ್ಚುಕಡಿಮೆ ಎಲ್ಲ ಕೋಶದಲ್ಲಿಯೂ ಅದೇ ಡಿಎನ್‌ಎ, ಅವೇ ಜೀನುಗಳು. ಲಿವರಿಗೆ ಬೇಕಾದ ಜೀನು ಕಣ್ಣಿನಲ್ಲಿಯೂ ಉಂಟು. ಮತ್ತೆ ನಿನ್ನ ಕಣ್ಣಿನಿಂದ ಪಿತ್ತ ಯಾಕೆ ಸುರಿಯೋದಿಲ್ಲ?"

"ಛೀ, ಸಣ್ಣಜ್ಜ!"

"ಛೀ ಅಲ್ಲ, ಉತ್ತರ ಹೇಳು. ಯಾಕಂದ್ರೆ ಕಣ್ಣಿನಲ್ಲಿ ಅದನ್ನು ಯಾರೂ ಆನ್ ಮಾಡ್ಲಿಲ್ಲ! ಆನ್ ಮಾಡುವವ ಆಕ್ಟಿವೇಟರ್. ಅದೂ ಒಂದು ಪ್ರೋಟೀನು. ಡಿಎನ್‌ಎ ಮೇಲೆ ಅವನಿಗೆ ಅಂತಲೇ ಒಂದು ಜಾಗ ಉಂಟು. ಅಲ್ಲಿ ಬಂದು ಕೂರ್ತಾನೆ. ಕೂತು, ನಕಲು ತೆಗೆಯುವ ಯಂತ್ರವನ್ನು ಕರೀತಾನೆ. ಯಂತ್ರ ಬಂದು ಜೀನಿನ ನಕಲು ತೆಗೀತದೆ, ವೇಟರ್ ಚೀಟಿ ಬರೆದ ಹಾಗೆ. ಚೀಟಿ ಅಡುಗೆಮನೆಗೆ ಹೋಗ್ತದೆ, ಅಲ್ಲಿ ಪ್ರೋಟೀನು ತಯಾರಾಗ್ತದೆ. ಆಯ್ತು!"

ಮಗಳು ಪೆನ್ನು ಕಚ್ಚಿಕೊಂಡು ಯೋಚಿಸಿದಳು. "ಆದ್ರೆ ಸಣ್ಣಜ್ಜ, ಆಕ್ಟಿವೇಟರ್ ಖುದ್ ಕಾಪಿ ನಹೀ ಕರ್ತಾ?"

"ಇಲ್ಲ, ನಕಲು ಅವ ತೆಗೆಯೋದಿಲ್ಲ."

"ಅಡುಗೆ?"

"ಅದೂ ಇಲ್ಲ."

"ಫಿರ್ ಕರ್ತಾ ಕ್ಯಾ ಹೈ?"

"ಕೂರ್ತಾನೆ ಅಂತ ಹೇಳಿದೆನಲ್ಲ!"

ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ಸರಿಯಾಗಿ ಬರ್ಕೋ ಮಗಾ. ಉದಾಹರಣೆ ಕೊಡಿ ಅಂತ ಕೇಳಿದ್ರೆ ನಿನ್ನ ಸಣ್ಣಜ್ಜನ ಹೆಸರು ಬರಿ, ಫುಲ್ ಮಾರ್ಕ್ಸ್!"

ಅತ್ತೆಯ ದೂರು ಸುಳ್ಳೇನಲ್ಲ. ಮದುವೆಯಾದಾಗಿನಿಂದ ಈ ಮನುಷ್ಯ ಒಂದು ಲೋಟ ಚಾ ಕೂಡ ಮಾಡಿಕೊಂಡದ್ದಿಲ್ಲವಂತೆ. ಅತ್ತೆಗೆ ಜ್ವರ ಬಂದರೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ಪಕ್ಕದ ಮನೆಯ ಮರಾಠಿ ಹೆಂಗಸು ಅದನ್ನು ನೋಡಿ, ಅಯ್ಯೋ ಪಾಪ ಅಂತ ಊಟ ತಂದುಕೊಡುತ್ತಾಳೆ. "ನೋಡಿದ್ಯಾ? ಆಯ್ತಲ್ಲ ಅಡುಗೆ?" ಅನ್ನುತ್ತಾರೆ ಮಾವ!

ಅವರ ಬಿಲ್ಡಿಂಗಿನ ಟೆರೇಸಿನ ಕಥೆಯಂತೂ ದಹಿಸರ್‌ನಲ್ಲಿ ಪ್ರಸಿದ್ಧ. ಬೇಸಿಗೆಯಲ್ಲಿ ಹೆಂಗಸರಿಗೆ ಹಪ್ಪಳ, ಸಂಡಿಗೆ ಒಣಗಿಸಲು ಟೆರೇಸ್ ಬೇಕು. ಸೊಸೈಟಿಯ ಸೆಕ್ರೆಟರಿ ಕೀಲಿಕೈ ಕೊಡಲೊಲ್ಲ. ಕೊಟ್ಟರೆ ನೆಲ ಹಾಳಾಗುತ್ತದೆ, ಕಾಗೆ ಬರುತ್ತದೆ, ನಿಯಮವಿಲ್ಲ, ಇತ್ಯಾದಿ. "ಇವ ರಿಪ್ರೆಸರ್," ಅಂತ ಮಾವ ರೋಗನಿರ್ಣಯ ಮಾಡಿದರು. ಅಂದರೆ ಜೀನು ಆನ್ ಆಗದಂತೆ ಅಡ್ಡ ಕೂರುವವನು. ಕೋಶದಲ್ಲಿ ಅಂಥವರೂ ಇರುತ್ತಾರಂತೆ. ಇರಲೇಬೇಕು, ಕೋಶವೂ ಒಂದು ಸೊಸೈಟಿಯೇ ಅಲ್ಲವೇ?

ಮಾವ ಜಗಳವಾಡಲಿಲ್ಲ, ಅರ್ಜಿ ಬರೆಯಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಟೆರೇಸಿನ ಬಾಗಿಲಿಗೆ ಒಯ್ದು (ಒಯ್ದದ್ದು ಅತ್ತೆ!) ಅದರ ಮೇಲೆ ಕೂತು ಪೇಪರ್ ಓದತೊಡಗಿದರು. ಮೇಲಿನ ಮನೆಯವರು ಕಂಡು, ಏನಾಯಿತೋ ಅಂತ ಗಾಬರಿಯಾಗಿ, "ಕಾಯ್ ಝಾಲಂ ಸರ್?" ಅಂದರು. "ಕಾಹೀ ನಾಹೀ," ಅಂದರು ಮಾವ. ಏನೂ ಇಲ್ಲದೆ ಒಬ್ಬ ನಿವೃತ್ತ ಮೇಷ್ಟ್ರು ಮುಚ್ಚಿದ ಬಾಗಿಲ ಮುಂದೆ ಕೂರುತ್ತಾರೆಯೇ? ಏನೋ ಇರಲೇಬೇಕು! ಒಬ್ಬರು ಬಂದು ನೀರಿನ ಟ್ಯಾಂಕು ಒಡೆದಿದೆ ಅಂದರು. ಇನ್ನೊಬ್ಬರು ನಮ್ಮ ಛಾವಣಿ ಸೋರುವುದು ಅದಕ್ಕೇ ಅಂದರು. ಮೆಟ್ಟಿಲ ತುಂಬ ಜನ ಸೇರಿ ಗದ್ದಲವಾಯಿತು. ಸೆಕ್ರೆಟರಿ ಬೆವರುತ್ತ ಓಡಿಬಂದು, ಏನೂ ಆಗಿಲ್ಲ ನೋಡಿಕೊಳ್ಳಿ ಅಂತ ಬಾಗಿಲು ತೆರೆದ. ತೆರೆದು ನೋಡಿದರೆ ಟ್ಯಾಂಕಿನಲ್ಲಿ ಅಂಗೈ ದಪ್ಪದ ಪಾಚಿ! ಆ ವಾರವೇ ಟ್ಯಾಂಕು ಶುಚಿಯಾಯಿತು, ಕೀಲಿಕೈ ವಾಚ್‌ಮನ್‌ನ ಹತ್ತಿರ ಬಂತು, ಹಪ್ಪಳ ಒಣಗಿದವು. ಕುರ್ಚಿ ಮಾತ್ರ ಅಲ್ಲೇ ಉಳಿದಿತ್ತು. ಇಳಿಸಿ ತಂದದ್ದು ಯಾರು ಅಂತ ಕೇಳಬೇಡಿ, ಆ ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ.

ಇನ್ನು ಲೋಕಲ್ ಟ್ರೈನು. ದಾದರ್‌ನಲ್ಲಿ ಸಂಜೆ ಟ್ರೈನು ಹತ್ತಿದವರಿಗೆ ಗೊತ್ತು, ಅಲ್ಲಿ ಸೀಟು ಸಿಗುವುದಕ್ಕೂ ಮೋಕ್ಷ ಸಿಗುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕೂತವನ ಹತ್ತಿರ "ಎಲ್ಲಿ ಇಳೀತೀರಿ?" ಅಂತ ಕೇಳಿ ಅವನ ಸೀಟನ್ನು ಮೊದಲೇ ಕಾದಿರಿಸುವುದು ನಮ್ಮ ಪದ್ಧತಿ. ಒಮ್ಮೆ ಮಾವನ ಜೊತೆ ನಾನೂ ಜನರಲ್ ಡಬ್ಬಿಗೆ ಹತ್ತಿದೆ. "ಕೇಳಿ ಮಾವ," ಅಂದೆ. "ಕೇಳುವುದು ಯಾಕೆ? ಹತ್ತಿರ ನಿಂತರೆ ಸಾಕು," ಅಂದರು. ಒಬ್ಬನ ಮೊಣಕಾಲಿಗೆ ಒತ್ತಿ ನಿಂತು, ನನ್ನನ್ನು ನೆಪ ಮಾಡಿಕೊಂಡು, ಅವನ ತಲೆಯ ಮೇಲೆ ಪಾಠ ಶುರುಮಾಡಿದರು. ಆಕ್ಟಿವೇಟರ್ ಕೂರುವ ಜಾಗ ಕೆಲವು ಸಲ ಜೀನಿನಿಂದ ಬಹಳ ದೂರ ಇರುತ್ತದೆ, ಆಗ ಡಿಎನ್‌ಎಯ ಎಳೆ ಬಾಗಿ ಬಳಸಿ ಬಂದು ಎರಡನ್ನೂ ಹತ್ತಿರ ತರುತ್ತದೆ, ನಡುವೆ ಮಾತುಕತೆಗೆ ಮದುವೆ ದಲ್ಲಾಳಿಯಂಥ ಪ್ರೋಟೀನುಗಳ ಒಂದು ಗುಂಪೇ ಇರುತ್ತದೆ... ಎಲ್ಲ ಹಿಂದಿಯಲ್ಲಿ, ಎಲ್ಲ ಗಟ್ಟಿಯಾಗಿ, ಕೈಯಿಂದ ಗಾಳಿಯಲ್ಲಿ ಎಳೆ ಬಾಗಿಸುತ್ತ! ಬಾಂದ್ರಾ ಬರುವಷ್ಟರಲ್ಲಿ ಆ ಮನುಷ್ಯ ಎದ್ದು ನಿಂತ. "ಅಂಕಲ್, ಆಪ್ ಬೈಠೋ. ಮೈಂ ದರ್ವಾಜೇ ಪೇ ಖಡಾ ರಹತಾ ಹೂಂ." ಅವನು ಬಾಗಿಲಿಗೆ ಹೋಗಿ ನಿಂತ, ಮಾವ ಕೂತರು. ಮಲಾಡ್‌ನಲ್ಲಿ ನಾನು ಇಳಿಯುವಾಗ ನೋಡುತ್ತೇನೆ, ಆ ಪಾಪದವನು ಇನ್ನೂ ಬಾಗಿಲಲ್ಲಿ ಜೋತಾಡುತ್ತಲೇ ಇದ್ದ.

ಇದು ಅವರ ಪೂರ್ವಚರಿತ್ರೆ. ಈಗ ಹೇಳಿ, ಇಂಥವರನ್ನು ಅಮ್ಮನ ಹತ್ತಿರ ತಂದು ಕೂರಿಸುವ ಧೈರ್ಯ ನಿಮಗಿದೆಯೇ? ನನಗೂ ಇರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಅಮ್ಮನಿಗೆ ಇದ್ದ ಒಬ್ಬನೇ ತಮ್ಮ ಇವರು.

ಬಂದರು. ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಹಾಲ್‌ಗೆ ಬಂದು ಕೂತು, "ಜೀನು ಹಾಳಾಗ್ಲಿಲ್ಲ. ಸುತ್ತಿ ಇಟ್ಟದ್ದು ಅಷ್ಟೇ," ಅಂದರು.

"ಎಂಥದು ಮಾವ?"

"ಡಿಎನ್‌ಎ ನೂಲಿನ ಹಾಗೆ ಉಂಡೆ ಉಂಡೆ ಸುತ್ತಿಕೊಂಡಿರ್ತದೆ. ಬಿಗಿಯಾಗಿ ಸುತ್ತಿದ್ರೆ ಒಳಗಿನ ಜೀನು ಓದ್ಲಿಕ್ಕೆ ಆಗೋದಿಲ್ಲ. ಜೀನು ಇಲ್ಲ ಅಂತ ಅಲ್ಲ. ಮೊದಲು ಸಡಿಲ ಆಗ್ಬೇಕು."

ನನಗೆ ರೇಗಿತು. "ಹಾಗಾದ್ರೆ ಆ ಬೆಡ್‌ಶೀಟ್ ಎಳೆದು ಬಿಸಾಡ್ತೇನೆ."

"ಎಳೀಬಾರ್ದು," ಅಂದರು ಮಾವ. ಆ ಹೊತ್ತು ಅವರ ಮುಖದಲ್ಲಿ ತಮಾಷೆ ಇರಲಿಲ್ಲ. "ಎಳೆದ್ರೆ ಹರೀತದೆ."

ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ದಹಿಸರ್‌ನಿಂದ ಟ್ರೈನು ಹಿಡಿದು ಬಂದು ನಮ್ಮಲ್ಲಿ ಕುರ್ಚಿ ಹಾಕತೊಡಗಿದರು. ಮಾಡಿದ್ದೇನು? ಪೇಪರ್ ಓದಿದರು, ನನ್ನ ಕೈಯಲ್ಲಿ ಚಾ ಮಾಡಿಸಿದರು, ಚಾ ಆರಿತು ಅಂತ ಇನ್ನೊಮ್ಮೆ ಬಿಸಿ ಮಾಡಿಸಿದರು! ಮೊದಲು ಅಮ್ಮನ ಮಂಚದ ಹತ್ತಿರ ಕೂತರು. ಅಮ್ಮ ಇನ್ನಷ್ಟು ಗೋಡೆಗೆ ಸರಿದಳು. ಕಿಟಕಿಯ ಹತ್ತಿರ ಕೂತರು. ದೇವರ ಗೂಡಿನ ಹತ್ತಿರ ಕೂತರು. ಟಿವಿಯ ಹತ್ತಿರ ಕೂತು ಯಕ್ಷಗಾನ ಹಚ್ಚಿದರು, ಚೆಂಡೆಯ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದರು, ಅಮ್ಮ ಮಾತ್ರ ಅಲುಗಲಿಲ್ಲ.

"ಮಾವ, ಇದ್ರಿಂದ ಎಂಥ ಆಗ್ತದೆ?" ಅಂತ ಕೊನೆಗೆ ನಾನು ಅತ್ತೇ ಬಿಟ್ಟೆ. "ಅವಳು ನೀರಿನಲ್ಲಿ ಹಾಕಿದ ಉಪ್ಪಿನ ಹಾಗೆ ಕರಗ್ತಿದ್ದಾಳೆ. ನೀವು ಕುರ್ಚಿ ಆಟ ಆಡ್ತಿದ್ದೀರಿ!"

"ಜಾಗ ಹುಡುಕ್ತಿದ್ದೇನೆ ಮಗಾ," ಅಂದರು. "ಆಕ್ಟಿವೇಟರ್ ಎಲ್ಲೆಂದರಲ್ಲಿ ಕೂತ್ರೆ ಆಗೋದಿಲ್ಲ. ಅವನ ಜಾಗದಲ್ಲೇ ಕೂರ್ಬೇಕು."

ಆ ದಿನ ಕುರ್ಚಿ ಅಡುಗೆಮನೆಗೆ ಬಂತು. ಅಲ್ಲಿ ಕೂತು, ಮೊಳೆಗೆ ನೇತುಬಿದ್ದ ಕಾವಲಿಯನ್ನು ಅವರು ಬಹಳ ಹೊತ್ತು ನೋಡುತ್ತಿದ್ದರು. ಸಂಜೆ ಹೊರಡುವ ಮೊದಲು ಒಂದು ಮಾತು ಕೂಗಿದರು. ಅಮ್ಮನ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ.

"ಅಕ್ಕಾ, ನಾಳೆ ನೀರುದೋಸೆ ನಾನು ಮಾಡ್ತೇನೆ! ಕುಚ್ಚಲಕ್ಕಿ ನೆನೆಹಾಕ್ಲಾ?"

ನೀರುದೋಸೆಗೆ ಕುಚ್ಚಲಕ್ಕಿ! ಕರಾವಳಿಯಲ್ಲಿ ಹುಟ್ಟಿದವರು ಆಡುವ ಮಾತೇ ಇದು? ಬೇಯಿಸಿ ಒಣಗಿಸಿದ ಕುಚ್ಚಲಕ್ಕಿ ಅನ್ನಕ್ಕೆ, ನೀರುದೋಸೆಗೆ ಬೇಯಿಸದ ಬಿಳಿಯ ಬೆಳ್ತಿಗೆ ಅಕ್ಕಿ ಅಂತ ತೊಟ್ಟಿಲ ಮಕ್ಕಳಿಗೂ ಗೊತ್ತು. ಒಳಗೆ ಮಂಚ ಒಮ್ಮೆ ಕಿರ್ ಅಂದಿತು.

ಮರುದಿನ ಬೆಳಿಗ್ಗೆ ಮಾವ ಷರ್ಟಿನ ತೋಳು ಮಡಚಿ ಅಡುಗೆಮನೆಗೆ ಇಳಿದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಮಿಕ್ಸಿಗೆ ಅಕ್ಕಿ ಹಾಕಿ, ಕೋಣೆಯ ಕಡೆ ಮುಖ ಮಾಡಿ, "ಅಕ್ಕಾ, ಒಂದು ಮುಷ್ಟಿ ಉದ್ದು ಹಾಕ್ತೇನೆ, ಆಗ್ತದಲ್ವಾ?" ಅಂದರು. ಶಿವ ಶಿವಾ! ಮೊದಲೇ ಕುಚ್ಚಲಕ್ಕಿ, ಅದರ ಮೇಲೆ ಉದ್ದು! ಇಣುಕಿ ನೋಡಿದೆ. ಅಮ್ಮನ ಮುಖ ಗೋಡೆಯ ಕಡೆಗಿರಲಿಲ್ಲ, ಬಾಗಿಲ ಕಡೆಗಿತ್ತು.

ಮಾವ ಒಲೆ ಹಚ್ಚಿದ ಮರುಕ್ಷಣವೇ ತಣ್ಣಗಿನ ಕಾವಲಿಯ ಮೇಲೆ ಹಿಟ್ಟು ಸುರಿದರು. ನೀರುದೋಸೆ ಎರೆದರೆ ಚುಂಯ್ ಅನ್ನಬೇಕು, ಆ ಸದ್ದು ಕೇಳಿಯೇ ಮಕ್ಕಳು ಏಳಬೇಕು. ಇದು ಮಾತ್ರ ಸತ್ತಂತೆ ಬಿದ್ದುಕೊಂಡಿತು.

"ಕಾವಲಿ ಕಾಯ್ಲಿಲ್ಲ."

ನನ್ನ ಕೈಯ ಚಾ ಸೋಸುವ ಜಾಲರಿ ಕೆಳಗೆ ಬಿತ್ತು. ಎಷ್ಟು ದಿನದ ಮೇಲೆ ಕೇಳಿದ ಸ್ವರ ಅದು! ಒಣಗಿ, ಒಡೆದು, ಆದರೂ ಅಮ್ಮನದೇ. ನಾನು ಓಡಲು ಹೊರಟೆ, ಮಾವ ನನ್ನ ಸೆರಗು ಹಿಡಿದು ನಿಲ್ಲಿಸಿ, ಕಣ್ಣಲ್ಲೇ ಗದರಿಸಿದರು. ಮತ್ತೆ ಸೌಟು ತೆಗೆದುಕೊಂಡು ಆ ಹಿಟ್ಟನ್ನು ಕರಕರ ಅಂತ ಗುಂಡಗೆ ಉಜ್ಜತೊಡಗಿದರು.

"ಸೌಟು ತಿರುಗಿಸ್ಬೇಡ!"

"ಎಂಥದಕ್ಕಾ? ಕೇಳ್ಲಿಲ್ಲ!"

ಕರಕರ, ಕರಕರ. ಸುಟ್ಟ ವಾಸನೆ ಎದ್ದಿತು. ಆಮೇಲೆ ನೆಲದ ಮೇಲೆ ಕಾಲು ಎಳೆಯುವ ಸದ್ದು. ಬೆಡ್‌ಶೀಟನ್ನು ಹೆಗಲಿಗೆ ಹೊದ್ದುಕೊಂಡೇ, ಕೆದರಿದ ಕೂದಲಲ್ಲಿ, ಬಾಗಿಲ ಚೌಕಟ್ಟು ಹಿಡಿದು ಅಮ್ಮ ನಿಂತಿದ್ದಳು. ಹಿಟ್ಟಿನ ಪಾತ್ರೆಯೊಳಗೆ ನೋಡಿದಳು.

"ಇದು ನೀರುದೋಸೆ ಹಿಟ್ಟಾ? ಗೋಡೆಗೆ ಮೆತ್ತುವ ಸಿಮೆಂಟಾ? ಆಚೆ ಸರಿ!"

ಕಾವಲಿ ಉಜ್ಜಿದಳು. ಪಾತ್ರೆಗೆ ನೀರು ಹೊಯ್ದಳು, ಬೈದಳು, ಇನ್ನಷ್ಟು ನೀರು ಹೊಯ್ದಳು, ಇನ್ನಷ್ಟು ಬೈದಳು. ಬೈದು ಬೈದು ಅವಳ ಬೆಡ್‌ಶೀಟು ಜಾರಿ ಬಿದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಕಾದ ಕಾವಲಿಯ ಮೇಲೆ ಹಿಟ್ಟು ಬಿದ್ದು ಚುಂಯ್ ಅಂದಿತು. ನಾನು ತಿರುಗಿ ನೋಡಿದರೆ ಮಾವ ಆಗಲೇ ಹಾಲ್‌ನ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದ್ದರು. ಪೇಪರ್ ತಲೆಕೆಳಗಾಗಿತ್ತು.

ಅಂದೇ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಮರುದಿನ ಅಮ್ಮ ಮತ್ತೆ ಮಲಗಿದಳು. ಮಾವ ಮತ್ತೆ ಬಂದರು, ಮತ್ತೊಂದು ಅನಾಹುತ ಮಾಡಿದರು. ತೆಂಗಿನಕಾಯಿ ಚಟ್ನಿಗೆ ಬೆಲ್ಲದ ಅಚ್ಚು ಇಡೀ ಹಾಕಿದ್ದು ಆಗಲೇ! ಮಾತ್ರೆಯೂ ನಡೆಯಿತು, ಡಾಕ್ಟರ ಭೇಟಿಯೂ ನಡೆಯಿತು. ಸ್ವಲ್ಪ ಸ್ವಲ್ಪವೇ ಅಮ್ಮ ಹಾಲ್‌ಗೆ ಬಂದಳು, ಬಾಲ್ಕನಿಗೆ ಬಂದಳು, ಕೆಳಗೆ ತರಕಾರಿಯವನ ಹತ್ತಿರ ಚೌಕಾಸಿಗೆ ಇಳಿದಳು. ಚೌಕಾಸಿ ಕೇಳಿದ ದಿನ ನಾನು ದೇವರಿಗೆ ದೀಪ ಹಚ್ಚಿದೆ.

ಮೊನ್ನೆ ಭಾನುವಾರ ಮಾವ, ಅತ್ತೆ ಬಂದಿದ್ದರು. ಅಮ್ಮ ಬೆಳ್ತಿಗೆ ಅಕ್ಕಿ ರುಬ್ಬಿ, ಕಾವಲಿ ಒಲೆಗೇರಿಸಿದ್ದಳು. ಹತ್ತಿರ ನಿಂತು ನಾನು ಮಾವನನ್ನು ಆಡಿಕೊಂಡೆ. "ಅಲ್ಲಮ್ಮಾ, ಜಗತ್ತಿಗೆಲ್ಲ ಜೀವಶಾಸ್ತ್ರ ಹೇಳುವ ಮನುಷ್ಯ, ನೀರುದೋಸೆಗೆ ಉದ್ದು ಹಾಕ್ಬಾರ್ದು ಅಂತ ಅಷ್ಟೂ ಗೊತ್ತಿಲ್ವಾ?"

ಅಮ್ಮ ನಕ್ಕಳು. "ಅವನಿಗಾ? ಅವನಿಗೆ ಕಲಿಸಿದ್ದೇ ನಾನು."

"ಅಂದ್ರೆ?"

"ನಮ್ಮಮ್ಮ ಹೋದಾಗ ಅವ ಇಷ್ಟು ಸಣ್ಣವ. ನನಗೆ ಮದುವೆ ಆಗಿ ಬೊಂಬಾಯಿಗೆ ಹೊರಡುವಾಗ ಒಂದೇ ಚಿಂತೆ, ಇವ ಮತ್ತೆ ಅಪ್ಪ ಉಪವಾಸ ಬೀಳ್ತಾರೆ ಅಂತ. ಒಲೆ ಎದುರು ನಿಲ್ಲಿಸಿ ಕಲಿಸಿದೆ. ಕಲಿತ ಮೇಲೆ ನನಗಿಂತ ತೆಳ್ಳಗೆ ಎರೀತಿದ್ದ. ದೋಸೆಯ ಆಚೆ ಹಿಡಿದ ಕೈ ಕಾಣ್ತಿತ್ತು."

"ಹಾಗಾದ್ರೆ ಆ ದಿನ ಕುಚ್ಚಲಕ್ಕಿ, ಉದ್ದು, ಸೌಟು... ಎಲ್ಲ ನಾಟಕ? ನಿನಗೆ ಗೊತ್ತಿತ್ತಾ?"

"ಕುಚ್ಚಲಕ್ಕಿ ಅಂದಾಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಎದ್ದು ಬಂದದ್ದು ಯಾಕೆ ಮತ್ತೆ?"

ಅಮ್ಮ ಕಾವಲಿಗೆ ನೀರು ಚಿಮುಕಿಸಿದಳು. ಕಣ್ಣು ತುಂಬಿತ್ತು, ಅದನ್ನು ಅವಳು ಮುಚ್ಚಲೂ ಹೋಗಲಿಲ್ಲ. "ಅಷ್ಟು ಚಂದ ಎರೆಯುವವ, ನನಗೋಸ್ಕರ ಅಷ್ಟು ಕೆಟ್ಟದಾಗಿ ಎರೀತಿದ್ದ. ನಾನು ಹೇಗೆ ಮಲಗಿರ್ಲಿ, ನೀನೇ ಹೇಳು?"

ಆಮೇಲೆ ಹಾಲ್‌ನ ಕಡೆ ತಿರುಗಿ ಕೂಗಿದಳು. "ತಮ್ಮಾ, ಕಾವಲಿ ಕಾದಿದೆ. ಇವತ್ತು ನೀನು ಬಾ."

ಕುರ್ಚಿ ಸರಿದ ಸದ್ದಾಯಿತು. "ಇವರಾ? ದೋಸೆಯಾ?" ಅಂತ ಅತ್ತೆ ಗಾಬರಿಯಿಂದ ಹಿಂದೆಯೇ ಬಂದರು. ಮಾವ ಯಾರ ಮುಖವನ್ನೂ ನೋಡಲಿಲ್ಲ. ಸೌಟು ಎತ್ತಿ, ಹಿಟ್ಟು ಕಲಕಿ, ಬೀಸಿ ಎರೆದರು. ಚುಂಯ್! ಜಾಲರಿಯಂಥ ತೆಳ್ಳಗಿನ ದೋಸೆಯನ್ನು ಮಡಚಿ ತಟ್ಟೆಗೆ ಹಾಕಿ, ಅದನ್ನು ಅಮ್ಮನ ಕೈಗೆ ಕೊಟ್ಟರು.

"ಕೂತ್ಕೋ ಅಕ್ಕ," ಅಂದರು, "ಇವತ್ತು ನೀನು ಕೂತ್ಕೋ."